ಹುಮನಾಬಾದ್ ದಾರಿಯ 91ನೇ ಮೈಲುಗಲ್ಲು ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮ ಹೊಲ ಹುಮನಾಬಾದಿನಿಂದ ಮನ್ನಾಏಖೇಳಿ ಕಡೆ ಹೋಗುವ ಹೆದ್ದಾರಿ ಪಕ್ಕದಲ್ಲಿದೆ. ಹೊಲದ ಮುಂದೆ ಒಂದು ಹಳೇ ಮೈಲುಗಲ್ಲು ಇತ್ತು ಅಂತ ಅಜ್ಜ ಹೇಳುತ್ತಿದ್ದರು. ಮೇಲೆ ಉರ್ದು, ಕೆಳಗೆ ಇಂಗ್ಲಿಷ್. ಅವರಿಗೆ ಓದೋಕೆ ಬರುತ್ತಿರಲಿಲ್ಲ. ಅಂಕಿಯನ್ನು ಮಾತ್ರ ನೆಲದ ಮೇಲೆ ಬರೆದು ತೋರಿಸುತ್ತಿದ್ದರು: ಒಂಬತ್ತು, ಅದರ ಪಕ್ಕ ಒಂದು ನಿಂತ ಗೆರೆ. ರಸ್ತೆ ಅಗಲವಾದ ಮೇಲೆ ಕಲ್ಲು ಕಾಣುತ್ತಿಲ್ಲ. ಅದು ಯಾವ ಕಾಲದ್ದು? ಎಲ್ಲಿಂದ ಎಣಿಸಿದ ದೂರ? ಹುಡುಕಿದರೆ ಸಿಗುತ್ತದಾ? ಸಿಕ್ಕರೆ ಮತ್ತೆ ನೆಡಬಹುದಾ?

ಉತ್ತರ: ನಿಮ್ಮ ಅಜ್ಜ ತೋರಿಸಿದ ಗುರುತು ತುಂಬ ಒಳ್ಳೆಯದು. ಉರ್ದುವಿನ ಒಂಬತ್ತು ಇಂಗ್ಲಿಷ್ ಒಂಬತ್ತಿನ ಹಾಗೇ ಇರುತ್ತದೆ. ಒಂದು ಅಂದರೆ ಎರಡರಲ್ಲೂ ನಿಂತ ಗೆರೆಯೇ. ಉರ್ದು ಬರಹ ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ನಮ್ಮ ಹಾಗೆ ಎಡದಿಂದ ಬಲಕ್ಕೇ ಓದಬೇಕು. ಹಾಗಾಗಿ ಅವರು ಮೇಲಿನ ಸಾಲು ನೋಡಿರಲಿ, ಕೆಳಗಿನ ಸಾಲು ನೋಡಿರಲಿ, ಅದು 91. ಬೇರೆ ಅಂಕಿ ಆಗಿದ್ದರೆ ಇಷ್ಟು ಸುಲಭ ಇರುತ್ತಿರಲಿಲ್ಲ. ಉರ್ದುವಿನ 5 ತಲೆಕೆಳಗು ಮಾಡಿದ ವೀಳ್ಯದೆಲೆಯಂತೆ ಕಾಣುತ್ತದೆ. 7 ಅಂದರೆ ಮೇಲಕ್ಕೆ ತೆರೆದ ಕವಲು, 8 ಅಂದರೆ ಅದೇ ಕವಲು ಕೆಳಮುಖವಾಗಿ. ಸೊನ್ನೆ ಬರೀ ಒಂದು ಚುಕ್ಕೆ. ಸವೆದ ಕಲ್ಲಿನ ಮೇಲೆ ಆ ಚುಕ್ಕೆ ಗುಳಿಯೋ ಅಂಕಿಯೋ ಅಂತ ಹೇಳೋದು ಕಷ್ಟ.

ಒಂದು ಅನುಮಾನ ಮಾತ್ರ ಇಲ್ಲೇ ತೀರಿಸಿಬಿಡೋಣ. ಉರ್ದುವಿನ 6 ಸವೆದರೆ 9ರ ಹಾಗೆ ಕಾಣಬಹುದು. ಅದು 61 ಆಗಿರಬಹುದಾ? 61 ಮೈಲಿ ಅಂದರೆ ಸುಮಾರು 98 ಕಿಲೋಮೀಟರ್. ಹೈದರಾಬಾದಿನಿಂದ ಅಷ್ಟು ದೂರ ಬಂದರೆ ಜಹೀರಾಬಾದಿನ ಆಸುಪಾಸು ಇರುತ್ತೀರಿ, ನಿಮ್ಮ ಹೊಲದಲ್ಲಿ ಅಲ್ಲ. 91 ಮೈಲಿ ಅಂದರೆ 146 ಕಿಲೋಮೀಟರ್ ಮೇಲೆ ಸ್ವಲ್ಪ. ಹೈದರಾಬಾದಿನಿಂದ ಹುಮನಾಬಾದಿಗೆ ರಸ್ತೆಯಲ್ಲಿ ಸುಮಾರು 150 ಕಿಲೋಮೀಟರ್ ಅಂತ ಇಟ್ಟುಕೊಂಡರೆ ನಿಮ್ಮ ಹೊಲದ ಜಾಗ ಸರಿಯಾಗಿಯೇ ಕೂಡುತ್ತದೆ.

ಆದರೆ ಹೈದರಾಬಾದಿನಿಂದಲೇ ಎಣಿಸಿದ್ದು ಅಂತ ಇದರಿಂದ ಸಾಬೀತಾಗುವುದಿಲ್ಲ. ಹುಮನಾಬಾದ್ ಇರೋದು ಹೈದರಾಬಾದ್ ಮತ್ತು ಸೊಲ್ಲಾಪುರದ ಹೆಚ್ಚೂಕಡಿಮೆ ನಟ್ಟನಡುವೆ. ಆ ಕಡೆಯಿಂದ ಎಣಿಸಿದರೂ ತೊಂಬತ್ತರ ಮೇಲಿನ ಅಂಕಿಯೇ ಬರುತ್ತದೆ! ಈ ದಾರಿಯ ಹಳೇ ಕಲ್ಲುಗಳ ವಿಷಯದಲ್ಲಿ ಜನ ಎಡವೋದು ಇಲ್ಲೇ. ಅಂಕಿ ಒಂದನ್ನೇ ಹಿಡಿದು ವಾದ ಮಾಡುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: 90 ಯಾವ ಕಡೆ ಇತ್ತು, 92 ಯಾವ ಕಡೆ ಇತ್ತು? ಹುಮನಾಬಾದ್ ಕಡೆ ಹೋದಂತೆ ಅಂಕಿ ಏರುತ್ತಿದ್ದರೆ ಎಣಿಕೆ ಹೈದರಾಬಾದಿನಿಂದ. ಇಳಿಯುತ್ತಿದ್ದರೆ ಸೊಲ್ಲಾಪುರದಿಂದ. ಅಕ್ಕಪಕ್ಕದ ಊರಿನ ಹಿರಿಯರಲ್ಲಿ ಯಾರಿಗಾದರೂ ಇನ್ನೊಂದು ಕಲ್ಲಿನ ನೆನಪಿದ್ದರೆ ಅಷ್ಟು ಸಾಕು. ನನ್ನ ಅಂದಾಜಂತೂ ಹೈದರಾಬಾದೇ. ಈ ಊರೆಲ್ಲ ನಿಜಾಮರ ರಾಜ್ಯದಲ್ಲಿತ್ತು, ಸೊಲ್ಲಾಪುರ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿತ್ತು. ತನ್ನ ಖರ್ಚಿನಲ್ಲಿ ಸಡಕು ಮಾಡಿಸುವ ಸರ್ಕಾರ ತನ್ನ ರಾಜಧಾನಿಯಿಂದ ಎಣಿಸುತ್ತದೆಯೇ ಹೊರತು ಪಕ್ಕದವರ ಊರಿನಿಂದ ಯಾಕೆ ಎಣಿಸುತ್ತದೆ?

ಕಾಲದ ವಿಷಯಕ್ಕೆ ಬರೋಣ. ಕಲ್ಲಿನ ಮೇಲೆ ಉರ್ದು ಇತ್ತು ಅಂದರೆ ಅದನ್ನು ಕೆತ್ತಿಸಿದ್ದು ಹಳೇ ಹೈದರಾಬಾದ್ ಸಂಸ್ಥಾನದವರು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ಕ್ಕೆ ಗುಲಬರ್ಗಾ, ರಾಯಚೂರು, ಬೀದರ್ ಮೈಸೂರು ರಾಜ್ಯಕ್ಕೆ ಬಂದವು. ಬೀದರ್ ಪೂರ್ತಿ ಬರಲಿಲ್ಲ ಅನ್ನೋದು ನಿಮಗೆ ಗೊತ್ತೇ ಇದೆ. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ಕಡೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಒಂದೇ ಜಿಲ್ಲೆಯ ಒಂದೇ ಸಡಕಿನ ಮೈಲುಗಲ್ಲುಗಳು ಒಂದೇ ದಿನದಲ್ಲಿ ಬೇರೆ ಬೇರೆ ರಾಜ್ಯದ ಪಾಲಾದವು. ಅಲ್ಲಿಂದ ಮುಂದೆ ಯಾವ ಇಲಾಖೆಯವರು ಯಾವ ಕಲ್ಲಿಗೆ ಸುಣ್ಣ ಹೊಡೆಯಬೇಕು ಅನ್ನೋದೇ ಬದಲಾಯಿತು. ಹೊಸ ರಾಜಧಾನಿ ಬೆಂಗಳೂರಾದ ಮೇಲೆ ‘ಹೈದರಾಬಾದ್ ಇಷ್ಟು ಮೈಲಿ’ ಅನ್ನೋ ಕಲ್ಲಿನ ಮೇಲೆ ಕಾಳಜಿ ಕಡಿಮೆಯಾಗಿದ್ದರೆ ಆಶ್ಚರ್ಯವಿಲ್ಲ.

ಅದೇ 1956ರಲ್ಲಿ ತೂಕ ಅಳತೆಯ ಹೊಸ ಕಾನೂನು ಬಂತು. 1957ರ ಏಪ್ರಿಲಿನಿಂದ ನಯಾಪೈಸೆ ಬಂತು. ಸೇರು, ಮಣ ಹೋಗಿ ಕಿಲೋ ಬಂತು. ರಸ್ತೆಗಳು ಮೈಲಿಯಿಂದ ಕಿಲೋಮೀಟರಿಗೆ ತಿರುಗಿದ್ದು ಆಮೇಲಿನ ವರ್ಷಗಳಲ್ಲಿ, ನಿಧಾನವಾಗಿ. ಹೀಗಾಗಿ ಉರ್ದು ಮತ್ತು ಮೈಲಿ ಎರಡೂ ಇರುವ ಕಲ್ಲು 1950ರ ದಶಕಕ್ಕಿಂತ ಈಚಿನದ್ದಾಗಿರಲು ಸಾಧ್ಯವಿಲ್ಲ. ಎಷ್ಟು ಹಿಂದಿನದು? 20ನೇ ಶತಮಾನದ ಮೊದಲ ಅರ್ಧ ಅಂತ ನಾನು ಹೇಳುತ್ತೇನೆ. ಮೋಟಾರು ಬಂದ ಮೇಲೆ ಸಡಕಿಗೂ ಅದರ ಅಳತೆಗೂ ಬೆಲೆ ಬಂತು. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 27 ಬಸ್ಸುಗಳೊಂದಿಗೆ ಶುರುವಾಯಿತು. ಬಸ್ಸಿನ ಟಿಕೆಟ್ ದರ ಕಟ್ಟಬೇಕು ಅಂದರೆ ಎಷ್ಟು ಮೈಲಿ ಅಂತ ತಕರಾರಿಲ್ಲದೆ ಗೊತ್ತಿರಬೇಕು, ಅಲ್ವಾ? ಬಂಡಿಯಲ್ಲಿ ವೀರಭದ್ರೇಶ್ವರ ಜಾತ್ರೆಗೋ ಮಾಣಿಕನಗರಕ್ಕೋ ಹೋಗುವವನಿಗೆ ‘ಎರಡು ಹರದಾರಿ’ ಅಂದರೆ ಸಾಕಿತ್ತು. ಹರದಾರಿ ಅಂದರೆ ಸುಮಾರು ಮೂರು ಮೈಲಿ. ಎತ್ತು ದಣಿದಿದ್ದರೆ ಅದೇ ನಾಲ್ಕಾಗುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

ಕಲ್ಲಿನ ಮೇಲೆ ಇಸವಿ ಇತ್ತಾ ಅಂತಲೂ ಮನೆಯಲ್ಲಿ ವಿಚಾರಿಸಿ. ಮೈಲುಗಲ್ಲಿನ ಮೇಲೆ ಇಸವಿ ಇರೋದು ಕಮ್ಮಿ. ಆದರೆ ಅದೇ ದಾರಿಯ ಹಳೇ ಸೇತುವೆ, ಬಾವಿ, ಮುಸಾಫಿರಖಾನೆಗಳ ಮೇಲೆ ಇರಬಹುದು. 1341 ಅಂತೇನಾದರೂ ಕಂಡರೆ ಹದಿನಾಲ್ಕನೇ ಶತಮಾನದ್ದು ಅಂತ ಹಿಗ್ಗಬೇಡಿ. ನಿಜಾಮ ಸರ್ಕಾರ ಕಾಗದಪತ್ರಗಳಲ್ಲಿ ಫಸಲಿ ಸನ್ ಬಳಸುತ್ತಿತ್ತು. ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. 1341 ಫಸಲಿ ಅಂದರೆ 1931-32. ಹಳೇ ಪಹಣಿ ಕಾಗದ ನೋಡಿದವರಿಗೆ ಇದು ಹೊಸ ಮಾತಲ್ಲ.

ಕನ್ನಡ ಯಾಕೆ ಇರಲಿಲ್ಲ ಅಂತ ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ಆಗ ಆಡಳಿತ ಭಾಷೆ ಉರ್ದು. ಮೈಲುಗಲ್ಲು ಇಂಜಿನಿಯರಿಗೆ, ತಹಸೀಲ್ದಾರನಿಗೆ, ಡ್ರೈವರನಿಗೆ ಬೇಕಾಗಿದ್ದೇ ಹೊರತು ಊರಿನವರಿಗೆ ಅಂತ ನೆಟ್ಟಿದ್ದಲ್ಲ. ಅದೇ ಸರ್ಕಾರದ ನೋಟುಗಳ ಮೇಲೆ ಉರ್ದು, ಇಂಗ್ಲಿಷ್ ಜೊತೆ ತೆಲುಗು, ಮರಾಠಿ, ಕನ್ನಡ ಇತ್ತು. ದುಡ್ಡು ಎಲ್ಲರ ಕೈಗೆ ಹೋಗಬೇಕಲ್ಲ!

ಕಲ್ಲಿನ ಬಣ್ಣ ಯಾವುದಿತ್ತು ಅಂತ ನೀವು ಬರೆದಿಲ್ಲ. ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ ಅದೂ ಉಪಯೋಗಕ್ಕೆ ಬರುತ್ತದೆ. ಬೀದರ್, ಕಲಬುರಗಿ, ಯಾದಗಿರಿ, ಈ ಮೂರು ಜಿಲ್ಲೆಯ ನೆಲ ಮೂರು ಥರ. ಬೀದರ್, ಹುಮನಾಬಾದ್ ಕಡೆ ಮೇಲೆ ಕೆಂಪು ಜಂಬಿಟ್ಟಿಗೆ, ಕೆಳಗೆ ಕರಿಕಲ್ಲು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಹಾಳೆ ಹಾಳೆಯಾಗಿ ಬಿಡುವ ಸುಣ್ಣದ ಕಲ್ಲು, ಎಲ್ಲರ ಮನೆಯ ನೆಲದಲ್ಲೂ ಇರುವ ಶಹಾಬಾದ್ ಫರಸಿ. ಯಾದಗಿರಿ, ಶಹಾಪುರ, ಸುರಪುರ ಕಡೆ ಗಟ್ಟಿ ಗ್ರಾನೈಟ್ ಗುಡ್ಡ. ಜಂಬಿಟ್ಟಿಗೆ ತೂತು ತೂತು. ಕೋಟೆ ಕಟ್ಟಲು ಚೆನ್ನ, ಬಾವಿ ತೋಡಲು ಚೆನ್ನ, ಆದರೆ ಸಣ್ಣ ಅಕ್ಷರ ಅದರಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ನಿಮ್ಮ ಕಡೆಯ ಅಕ್ಷರ ಕೆತ್ತಿದ ಕಲ್ಲು ಒಂದೋ ಸ್ಥಳೀಯ ಕರಿಕಲ್ಲು, ಇಲ್ಲವೇ ಹೊರಗಿನಿಂದ ತಂದದ್ದು. ಇದು ಯಾಕೆ ಮುಖ್ಯ ಅಂದರೆ, ಕಲ್ಲು ಆಮೇಲೆ ಎಲ್ಲಿ ಸೇರಿರಬಹುದು ಅನ್ನೋದು ಅದರ ಜಾತಿಯ ಮೇಲೆ ನಿಂತಿದೆ. ಕರಿಕಲ್ಲಾದರೆ ಗೋಡೆಗೋ ತಳಪಾಯಕ್ಕೋ ಹೋಗುತ್ತದೆ. ಚಪ್ಪಟೆ ಸುಣ್ಣದ ಕಲ್ಲಾದರೆ ಬಟ್ಟೆ ಒಗೆಯಲು, ಹೊಸ್ತಿಲಿಗೆ, ಚರಂಡಿ ಮುಚ್ಚಲು ಹೋಗುತ್ತದೆ.

ಈಗ ಹುಡುಕುವ ಮಾತು. ಇದರಲ್ಲಿ ನನ್ನ ಸಲಹೆ ಒಂದೇ: ಮೊದಲು ಕಲ್ಲನ್ನು ಹುಡುಕಬೇಡಿ, ಅದು ನಿಂತಿದ್ದ ಜಾಗವನ್ನು ಹುಡುಕಿ. ಕಲ್ಲು ಕಳೆದುಹೋಗಬಹುದು, ಜಾಗ ಕಳೆದುಹೋಗುವುದಿಲ್ಲ. ಯಾಕೆಂದರೆ ಮೈಲುಗಲ್ಲು ಒಂಟಿ ಕಲ್ಲಲ್ಲ, ಅದೊಂದು ಸಾಲಿನ ಭಾಗ. ಸಾಲಿನಲ್ಲಿ ಬೇರೆ ಯಾವುದೇ ಒಂದು ಗುರುತು ಗಟ್ಟಿಯಾಗಿ ಸಿಕ್ಕರೂ ಉಳಿದದ್ದನ್ನು ಅಳೆದು ತೆಗೆಯಬಹುದು.

ಮೈಲಿಗಳ ಲೆಕ್ಕ ಹೇಗೆ ಇಡುತ್ತಿದ್ದರು ಅಂತ ಗೊತ್ತಿದ್ದರೆ ಇದು ಸುಲಭ. ಒಂದು ಮೈಲಿಗೆ ಎಂಟು ಫರ್ಲಾಂಗು, 1760 ಗಜ. ಸರ್ವೆಯವರ ಸರಪಳಿ 66 ಅಡಿ ಉದ್ದ. ಹತ್ತು ಸರಪಳಿಗೆ ಒಂದು ಫರ್ಲಾಂಗು, ಎಂಬತ್ತು ಸರಪಳಿಗೆ ಒಂದು ಮೈಲಿ. ರಸ್ತೆ ಇಂಜಿನಿಯರುಗಳು ಇವತ್ತಿಗೂ ‘ಚೈನೇಜ್’ ಅನ್ನೋದು ಆ ಸರಪಳಿಯಿಂದಲೇ ಬಂತು. ಎರಡು ಮೈಲುಗಲ್ಲುಗಳ ನಡುವೆ ಏಳು ಸಣ್ಣ ಫರ್ಲಾಂಗು ಕಲ್ಲು. ಅವುಗಳ ಮೇಲೆ ಬರೀ 1ರಿಂದ 7ರವರೆಗೆ ಅಂಕಿ. ಇವು ಪ್ರಯಾಣಿಕರಿಗಾಗಿ ಇದ್ದದ್ದಲ್ಲ, ದುರಸ್ತಿ ಬಿಲ್ಲಿಗಾಗಿ ಇದ್ದದ್ದು. ಗುತ್ತಿಗೆದಾರ ಯಾವ ಮೈಲಿಯ ಯಾವ ಫರ್ಲಾಂಗಿನಲ್ಲಿ ಎಷ್ಟು ಖಡಿ ಗುಡ್ಡೆ ಹಾಕಿದ ಅಂತ ಓವರ್‌ಸಿಯರ್ ಅಳತೆ ಪುಸ್ತಕದಲ್ಲಿ ಬರೆಯಬೇಕಿತ್ತು. ಕಲ್ಲು ಇಲ್ಲದಿದ್ದರೆ ಒಂದೇ ಗುಡ್ಡೆಗೆ ಎರಡು ಸಲ ಬಿಲ್ಲು ಆಗುವ ಅಪಾಯ! ಹಾಗಾಗಿ ಗ್ಯಾಂಗಿನವರು ಈ ಸಣ್ಣ ಕಲ್ಲುಗಳನ್ನು ಜಾಸ್ತಿ ಜೋಪಾನ ಮಾಡುತ್ತಿದ್ದರು. ಈಗಿನ ಪದ್ಧತಿಯಲ್ಲಿ ಎರಡು ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದು ಕಲ್ಲು. ಅದರ ಮೇಲೆ 2, 4, 6, 8 ಅಂತ ಇರುತ್ತದೆ. ಹೊಲದ ಬದುವಿನಲ್ಲಿ 3, 5, 7 ಅಂತ ಕೆತ್ತಿದ ಮೋಟು ಕಲ್ಲು ಸಿಕ್ಕರೆ ಅದು ಹಳೇ ಫರ್ಲಾಂಗು ಕಲ್ಲು ಇರುವ ಸಾಧ್ಯತೆ ಹೆಚ್ಚು.

ಮೈಲುಗಲ್ಲಿಗಿಂತ ಗಟ್ಟಿ ಸಾಕ್ಷಿ ಅಂದರೆ ಹಳೇ ಮೋರಿಗಳು. ಕಮಾನಿನ ಕಲ್ಲು ಮೋರಿಯನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ. ರಸ್ತೆ ಅಗಲ ಮಾಡುವಾಗಲೂ ಎಷ್ಟೋ ಕಡೆ ಹಳೇ ಮೋರಿಯನ್ನು ಹಾಗೇ ಬಿಟ್ಟು ಪಕ್ಕಕ್ಕೆ ಕಾಂಕ್ರೀಟು ಸೇರಿಸುತ್ತಾರೆ. ಮೋರಿಗಳಿಗೆ ನಂಬರು ಕೊಡುವ ರೀತಿ ಎಂದರೆ ಮೇಲೆ ಮೈಲಿ ಅಥವಾ ಕಿಲೋಮೀಟರಿನ ಅಂಕಿ, ಗೆರೆ ಎಳೆದು ಕೆಳಗೆ ಆ ಮೈಲಿಯಲ್ಲಿ ಅದು ಎಷ್ಟನೆಯ ಮೋರಿ ಅನ್ನುವ ಅಂಕಿ. ಬಣ್ಣದಲ್ಲಿ ಬರೆದದ್ದು ಹೊಸದು, ಕಿಲೋಮೀಟರಿನದ್ದು, ಅದನ್ನು ಬಿಡಿ. ತಡೆಗೋಡೆಯ ಕಲ್ಲಿನಲ್ಲೇ ಉಳಿಯಿಂದ ಕೆತ್ತಿದ್ದರೆ ನಿಂತು ನೋಡಿ. ಮೇಲೆ 91 ಅಥವಾ 92 ಅಂತ ಇದ್ದರೆ ನೀವು ಸರಿಯಾದ ಜಾಗದಲ್ಲಿದ್ದೀರಿ.

ಇನ್ನೊಂದು ದಾರಿ ಹಳೇ ನಕ್ಷೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಒಂದಿಂಚು ನಕ್ಷೆಗಳಲ್ಲಿ ಒಂದು ಇಂಚು ಅಂದರೆ ನೆಲದ ಮೇಲೆ ಒಂದು ಮೈಲಿ. ದೊಡ್ಡ ರಸ್ತೆಗಳ ಪಕ್ಕ ಮೈಲುಗಲ್ಲಿನ ಗುರುತು ಹಾಕಿ ಅಂಕಿಯನ್ನೂ ಬರೆಯುವ ಪದ್ಧತಿ ಅದರಲ್ಲಿತ್ತು. ಹುಮನಾಬಾದ್, ಬೀದರ್ ಬರುವುದು 56 ಜಿ ಸರಣಿಯ ಹಾಳೆಗಳಲ್ಲಿ. ಕಲಬುರಗಿ ಊರು 56 ಸಿ, ಯಾದಗಿರಿ ಊರು 56 ಎಚ್. ಹಾಳೆ ಸಿಕ್ಕರೆ ಹಳ್ಳ, ಬಾವಿ, ಊರದಾರಿ ನೋಡಿಕೊಂಡು ಜಾಗವನ್ನು ಹತ್ತಿಪ್ಪತ್ತು ಮೀಟರಿನೊಳಗೆ ಅಲ್ಲದಿದ್ದರೂ ನೂರು ಮೀಟರಿನೊಳಗೆ ಹಿಡಿಯಬಹುದು. ಅಮೆರಿಕ ಸೈನ್ಯದವರು 1950ರ ದಶಕದಲ್ಲಿ ಮಾಡಿಸಿದ ಭಾರತದ ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಆನ್‌ಲೈನ್ ಸಂಗ್ರಹದಲ್ಲಿ ಪುಕ್ಕಟೆ ಸಿಗುತ್ತವೆ. ಅವು ದೊಡ್ಡ ಪ್ರದೇಶವನ್ನು ಸಣ್ಣದಾಗಿ ತೋರಿಸುವಂಥವು. ಕಲ್ಲು ಹುಡುಕಲು ಸಾಲವು, ಹಳೇ ಸಡಕು ಊರೊಳಗೆ ಹೇಗೆ ಹೋಗುತ್ತಿತ್ತು ಅಂತ ನೋಡಲು ಸಾಕು. ಇದು ಬೇಕೇ ಬೇಕು. ಬೈಪಾಸ್ ಆದ ಕಡೆ, ತಿರುವು ನೇರ ಮಾಡಿದ ಕಡೆ ಇವತ್ತಿನ ದೂರಕ್ಕೂ ಆಗಿನ ದೂರಕ್ಕೂ ಹೊಂದಿಕೆಯಾಗುವುದಿಲ್ಲ. ಕಾರಿನ ಮೀಟರ್ ನೋಡಿಕೊಂಡು ಹೈದರಾಬಾದಿನಿಂದ 146 ಕಿಲೋಮೀಟರ್ ಅಳೆಯಲು ಹೋಗಬೇಡಿ, ಸುಮ್ನೆ ಪೆಟ್ರೋಲು ದಂಡ. ಹತ್ತಿರದ ಗುರುತಿನಿಂದ ಅಳೆಯಿರಿ.

ದೂರ ಅಳೆಯುವ ವಿಷಯದಲ್ಲಿ ನಿಮ್ಮ ಜಿಲ್ಲೆಗೆ ಒಂದು ದೊಡ್ಡ ಹೆಸರೇ ಇದೆ, ಆದರೆ ಬೀದರಿನವರೇ ಅದನ್ನು ಹೇಳಿಕೊಳ್ಳುವುದಿಲ್ಲ. ಇಡೀ ಭಾರತವನ್ನು ತ್ರಿಕೋನಗಳಲ್ಲಿ ಅಳೆದ ಮಹಾ ಸರ್ವೆಯಲ್ಲಿ ವಿಲಿಯಂ ಲ್ಯಾಂಬ್ಟನ್ 1815ರಲ್ಲಿ ಬೀದರ್ ಸೀಮೆಯ ದಾಮರಗಿದ್ದ ಹತ್ತಿರ ಆಧಾರ ರೇಖೆಯೊಂದನ್ನು, ಅಂದರೆ ತ್ರಿಕೋನಗಳ ಲೆಕ್ಕಕ್ಕೆ ಬುಡವಾಗುವ ನೇರ ಗೆರೆಯನ್ನು, ಅಳೆದರು. ಅವರ ಉಪಕರಣ ನೂರು ಅಡಿಯ ಉಕ್ಕಿನ ಸರಪಳಿ. ಬಿಸಿಲಿಗೆ ಅದು ಹಿಗ್ಗುತ್ತದೆ ಅಂತ ಪೆಟ್ಟಿಗೆಯಲ್ಲಿಟ್ಟು ಅಳೆಯುತ್ತಿದ್ದರು. 1841ರಲ್ಲಿ ಆಂಡ್ರ್ಯೂ ವಾ ಬೀದರ್ ರೇಖೆಯನ್ನು ಮತ್ತೆ ಅಳೆದರು. ಆಗ ಬಳಸಿದ್ದು ಕಬ್ಬಿಣ ಮತ್ತು ಹಿತ್ತಾಳೆ ಜೋಡಿಸಿದ ಪಟ್ಟಿಗಳನ್ನು. ಎರಡು ಲೋಹ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಶಾಖದ ತಪ್ಪು ಕಳೆದುಹೋಗುವಂತೆ ಅವನ್ನು ಮಾಡಿದ್ದರು. ಮೈಲುಗಲ್ಲು ನೆಡುವವರಿಗೆ ಇಷ್ಟೆಲ್ಲ ನಾಜೂಕು ಬೇಕಿರಲಿಲ್ಲ, ಸರಪಳಿಯೋ ಅಳತೆ ಗಾಲಿಯೋ ಸಾಕಿತ್ತು. ಆದರೆ ಸರ್ವೆಯವರು ನೆಟ್ಟ ಕಲ್ಲುಗಳೂ ನಮ್ಮ ನೆಲದಲ್ಲಿವೆ. ಜನ ಅವನ್ನೂ ಮೈಲುಗಲ್ಲು ಅನ್ನುತ್ತಾರೆ. ಬಾಣದ ಗುರುತು ಇದ್ದರೆ, ಅದು ರಸ್ತೆಗೆ ಮುಖ ಮಾಡಿರದಿದ್ದರೆ ಅದು ಸರ್ವೆ ಕಲ್ಲು. ಹೊಲದ ಮೂಲೆಯಲ್ಲಿದ್ದು ಅಕ್ಷರವೇ ಇಲ್ಲದಿದ್ದರೆ ಬಾಂದಕಲ್ಲು. ಮೇಲೆ ಸೂರ್ಯ ಚಂದ್ರ ಇದ್ದರೆ ಅದು ದತ್ತಿ ಕಲ್ಲೋ ವೀರಗಲ್ಲೋ ಇರಬಹುದು. ಅದಕ್ಕೆ ಬೇರೆ ತಜ್ಞರು ಬೇಕು.

ಜಾಗ ಗೊತ್ತಾದ ಮೇಲೆ ಕಲ್ಲು. ಹೆದ್ದಾರಿ ನಾಲ್ಕು ಪಥ ಆಗುವಾಗ ಜೆಸಿಬಿ ಮೊದಲು ತೆಗೆಯೋದೇ ರಸ್ತೆಯ ಅಂಚನ್ನು. ಮೈಲುಗಲ್ಲು ಇರೋದೂ ಅಲ್ಲೇ. ಮಣ್ಣಿನ ಜೊತೆ ತಳ್ಳಿಸಿಕೊಂಡು ಹೂತು ಹೋದರೆ ಅದನ್ನು ಮರೆತುಬಿಡಿ. ಆದರೆ ಒಳ್ಳೆ ಕಲ್ಲು ಕಂಡರೆ ನಮ್ಮ ಜನ ಬಿಡುವುದಿಲ್ಲ, ನೀವೂ ಬಲ್ಲಿರಿ. ಅಂಥ ಭಾರದ ಕಲ್ಲನ್ನು ಯಾರೂ ಬಹಳ ದೂರ ಒಯ್ಯುವುದೂ ಇಲ್ಲ. ಸುತ್ತಲಿನ ಹೊಲಗಳ ಬದು, ಬೋರ್‌ವೆಲ್ ಹತ್ತಿರ ಬಟ್ಟೆ ಒಗೆಯುವ ಜಾಗ, ಗುಡಿಯ ಮೆಟ್ಟಿಲು, ಚಹಾ ಅಂಗಡಿಯ ಮುಂದಿನ ಆಸನ ನೋಡಿ. ಅಕ್ಷರದ ಮುಖ ಕೆಳಗಾಗಿರುವ ಸಾಧ್ಯತೆಯೇ ಹೆಚ್ಚು, ಕೂರಲು ನುಣುಪಾದ ಮುಖ ಬೇಕಲ್ಲ. ಸುಣ್ಣ, ಕುಂಕುಮ ಮೆತ್ತಿದ ಗುಂಡು ತಲೆಯ ಕಲ್ಲಿದ್ದರೆ ಅದನ್ನೂ ನೋಡಿ, ಆದರೆ ಕೆರೆಯಲು ಹೋಗಬೇಡಿ. ಊರವರ ಹತ್ತಿರ ಜಗಳ ಬೇಡ.

ಇದು ಹೊಸ ರೂಢಿ ಏನಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿ 1980ರ ದಶಕದಲ್ಲಿ ಕುಸಿಯಿತು. ಆಗ ವಿಗ್ರಹದ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದು ಅಶೋಕನ ಶಾಸನ! ಬ್ರಾಹ್ಮಿ ಅಕ್ಷರದ, ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಮೇಲೆ ದೇವಿಯನ್ನು ಕೂರಿಸಿದ್ದರು. ಕೂರಿಸಿದವರು ಅದನ್ನು ಹಾಳು ಮಾಡಿದರು ಅನ್ನಬಹುದು. ಪೀಠ ಮಾಡಿದ್ದರಿಂದಲೇ ಅದು ಒಂದು ಕಡೆ ಉಳಿಯಿತು ಅಂತಲೂ ಅನ್ನಬಹುದು. ನಾನು ಎರಡನೇ ಮಾತಿನವನು.

ನಿಧಿ ಆಸೆಯಿಂದ ಕಿತ್ತದ್ದಿರಬಹುದಾ ಅಂತ ನೀವು ಯೋಚಿಸುತ್ತಿರಬಹುದು. ಉರ್ದು ಅಕ್ಷರದ ಕಲ್ಲು ಕಂಡರೆ ಕೆಳಗೆ ಹೊನ್ನಿದೆ ಅಂತ ಅಗೆಯುವ ಹುಚ್ಚು ನಮ್ಮ ಕಡೆ ಇದ್ದೇ ಇದೆ. ಲೋಕೋಪಯೋಗಿ ಇಲಾಖೆಯವರು ಮೈಲುಗಲ್ಲಿನ ಕೆಳಗೆ ಜಲ್ಲಿ ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲ.

ಸಿಕ್ಕರೆ ಏನು ಮಾಡಬೇಕು? ಮೊದಲು ಇದ್ದಲ್ಲೇ ಫೋಟೊ ತೆಗೆಯಿರಿ. ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಬಿಸಿಲಿಲ್ಲದಿದ್ದರೆ ಕತ್ತಲಲ್ಲಿ ಬ್ಯಾಟರಿಯನ್ನು ಪಕ್ಕದಿಂದ ಹಿಡಿಯಿರಿ. ಸೀಮೆಸುಣ್ಣ, ಆ್ಯಸಿಡ್, ತಂತಿ ಬ್ರಷ್ ಯಾವುದೂ ಬೇಡ. ಉದ್ದ, ಅಗಲ, ದಪ್ಪ ಅಳೆದು ಬರೆದಿಡಿ. ಮೊಬೈಲಿನಲ್ಲಿ ಜಾಗದ ಅಕ್ಷಾಂಶ ರೇಖಾಂಶ ಉಳಿಸಿ.

ಕಾನೂನಿನ ರಕ್ಷಣೆ ಸಿಗುತ್ತದಾ ಅಂದರೆ, ಸದ್ಯಕ್ಕೆ ಅದರ ಮೇಲೆ ಜಾಸ್ತಿ ಭರವಸೆ ಇಡಬೇಡಿ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ಕಲ್ಲಿನ ವಸ್ತು ಪ್ರಾಚ್ಯವಸ್ತು ಅನಿಸಿಕೊಳ್ಳಲು ನೂರು ವರ್ಷವಾದರೂ ಆಗಿರಬೇಕು. 1930ರ ದಶಕದ ಮೈಲುಗಲ್ಲಿಗೆ ಆ ಯೋಗ ಬರಲು ಇನ್ನೂ ಸ್ವಲ್ಪ ವರ್ಷ ಇದೆ. ಹಾಗಂತ ಅದನ್ನು ಮಾರಬಹುದು, ಒಯ್ಯಬಹುದು ಅಂತ ಅಲ್ಲ. ಅದು ರಸ್ತೆಯ ಸೊತ್ತು. ತಾಲ್ಲೂಕು ಕಚೇರಿಗೆ, ರಾಜ್ಯ ಪುರಾತತ್ವ ಇಲಾಖೆಗೆ ಫೋಟೊ ಸಮೇತ ಒಂದು ಅರ್ಜಿ ಕೊಟ್ಟಿಡಿ.

ಮತ್ತೆ ಹೆದ್ದಾರಿ ಪಕ್ಕದಲ್ಲೇ ನೆಡುವ ಆಸೆ ಬಿಡೋದು ಒಳ್ಳೆಯದು. ಅಲ್ಲಿ ಈಗ ರಾಷ್ಟ್ರೀಯ ಹೆದ್ದಾರಿ 65ರ ಹಳದಿ ತಲೆಯ ಕಿಲೋಮೀಟರ್ ಕಲ್ಲುಗಳಿವೆ. 2010ರ ಹೊಸ ನಂಬರಿಗೆ ಮುಂಚೆ ಇದೇ ದಾರಿ 9ನೇ ಹೆದ್ದಾರಿಯಾಗಿತ್ತು, ಪುಣೆಯಿಂದ ಶುರು. ಹೈದರಾಬಾದಿನಿಂದ, ಪುಣೆಯಿಂದ, ಮೈಲಿಯಲ್ಲಿ, ಕಿಲೋಮೀಟರಿನಲ್ಲಿ ಅಂತ ಒಂದೇ ಹೊಲದ ಮುಂದೆ ಈಗಾಗಲೇ ಸಾಕಷ್ಟು ಎಣಿಕೆ ಆಗಿದೆ. ಅದರ ನಡುವೆ 91 ಅಂತ ಇನ್ನೊಂದು ನಿಲ್ಲಿಸಿದರೆ ಅಪಘಾತವಾದಾಗ ಆಂಬುಲೆನ್ಸಿನವನಿಗೆ ಜಾಗ ಹೇಳುವವನು ತಪ್ಪು ಅಂಕಿ ಓದಿಯಾನು. ಅನುಮತಿ ಸಿಗೋದೂ ಕಷ್ಟ, ಮುಂದಿನ ಅಗಲೀಕರಣದಲ್ಲಿ ಮತ್ತೆ ಕಿತ್ತು ಹೋಗೋದೂ ಖಂಡಿತ. ಹತ್ತಿರದ ಶಾಲೆಯ ಆವರಣದಲ್ಲೋ ಗ್ರಾಮ ಪಂಚಾಯಿತಿ ಮುಂದೆಯೋ ನಿಲ್ಲಿಸಿ. ಪಕ್ಕದಲ್ಲಿ ಸಣ್ಣ ಫಲಕ ಹಾಕಿ, ಮೂಲ ಜಾಗ ಇಲ್ಲಿಂದ ಯಾವ ದಿಕ್ಕಿಗೆ ಎಷ್ಟು ಮೀಟರ್ ಅಂತ ಬರೆಯಿರಿ. ಆ ಸಾಲು ಇಲ್ಲದಿದ್ದರೆ ಮುಂದೆ ಯಾರೋ ಶಾಲೆಯ ಅಂಗಳದಿಂದಲೇ ಹೈದರಾಬಾದಿಗೆ 91 ಮೈಲಿ ಅಂತ ಲೆಕ್ಕ ಹಾಕುತ್ತಾರೆ.

ಕಲ್ಲು ಸಿಗದೆ ಜಾಗ ಮಾತ್ರ ಸಿಕ್ಕರೆ ಅದನ್ನೂ ಬರೆದಿಡಿ. ಹಾಗೇ 90 ಮತ್ತು 92ರ ಕಡೆಗೂ ಒಂದೊಂದು ಮೈಲಿ ನಡೆದು ನೋಡಿ. ನಿಮ್ಮ ಹೊಲದ ಮುಂದಿನದು ಹೋಗಿದ್ದರೂ ಪಕ್ಕದ ಊರಿನದು ಯಾರದೋ ಹಿತ್ತಲಲ್ಲಿ ಇರಬಹುದು. ಹಳೇ ಸಡಕು ಊರೊಳಗೆ ಹೋಗಿ ಬೈಪಾಸ್ ಹೊರಗೆ ಹೋದ ಜಾಗಗಳನ್ನು ಮೊದಲು ನೋಡಿ, ಅಲ್ಲಿಗೆ ಜೆಸಿಬಿ ಹೋಗಿರುವುದಿಲ್ಲ.